ಇಯಾನ್ ಮರ್ಡಾಕ್

ಇಯಾನ್ ಆಶ್ಲಿ ಮರ್ಡಾಕ್ (ಏಪ್ರಿಲ್ ೨೮, ೧೯೭೩ – ಡಿಸೆಂಬರ್ ೨೮, ೨೦೧೫) ಅಮೆರಿಕದ ಗಣಕ ತಂತ್ರಜ್ಞರು ಹಾಗೂ ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯ ಸಂಸ್ಥಾಪಕರು. ೧೯೯೩ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗ ಅವರು ಆರಂಭಿಸಿದ ಈ ಯೋಜನೆಯು ಸ್ವಯಂಸೇವಕರ ದುಡಿಮೆಯಿಂದಲೇ ಬೆಳೆದು, ಉಬುಂಟು ಮೊದಲಾದ ಅನೇಕ ವಿತರಣೆಗಳಿಗೆ ತಾಯಿಬೇರಾಯಿತು. ತಂತ್ರಾಂಶವನ್ನು ಪ್ಯಾಕೇಜುಗಳಾಗಿ ವಿಂಗಡಿಸಿ ಹಂಚುವುದು, ಹೊಸ ಆವೃತ್ತಿ ಬಂದಾಗ ಇಡೀ ವ್ಯವಸ್ಥೆಯನ್ನು ಅಳಿಸದೆ ಇದ್ದಲ್ಲಿಯೇ ನವೀಕರಿಸುವುದು, ಹಾಗೆ ನವೀಕರಿಸುವಾಗ ಬಳಕೆದಾರನು ತನ್ನ ಅಗತ್ಯಕ್ಕೆ ತಕ್ಕಂತೆ ತಿದ್ದಿಕೊಂಡ ಸಂರಚನಾ ಕಡತಗಳನ್ನು ಕಾಪಾಡುವುದು ಡೆಬಿಯನ್‌ನ ಮುಖ್ಯ ಲಕ್ಷಣಗಳು. ಮರ್ಡಾಕ್ ಅವರು ಮುಂದೆ ಪ್ರಾಜೆನಿ, ಲಿನಕ್ಸ್ ಫೌಂಡೇಶನ್, ಸನ್ ಮೈಕ್ರೋಸಿಸ್ಟಮ್ಸ್, ಸೇಲ್ಸ್‌ಫೋರ್ಸ್ ಮತ್ತು ಡಾಕರ್ ಸಂಸ್ಥೆಗಳಲ್ಲಿ ಕೆಲಸ ಮಾಡಿದರು.

ಜನನ ಮತ್ತು ಶಿಕ್ಷಣ

ಮರ್ಡಾಕ್ ಅವರು ೧೯೭೩ರ ಏಪ್ರಿಲ್ ೨೮ರಂದು ಅಂದಿನ ಪಶ್ಚಿಮ ಜರ್ಮನಿಯ ಕೋನ್‌ಸ್ಟಾನ್ಸ್ ನಗರದಲ್ಲಿ ಜನಿಸಿದರು. ಅವರ ತಂದೆ ತಾಯಿ ಅಮೆರಿಕದವರು. ಬಾಲ್ಯವನ್ನು ಅವರು ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಕಳೆದರು. ಪ್ರೌಢಶಿಕ್ಷಣದ ನಂತರ ಅದೇ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯವನ್ನು ಸೇರಿ, ೧೯೯೬ರಲ್ಲಿ ಗಣಕ ವಿಜ್ಞಾನದಲ್ಲಿ ಪದವಿಯನ್ನು ಪಡೆದರು.

ವಿಶ್ವವಿದ್ಯಾಲಯದಲ್ಲಿ ಅವರಿಗೆ ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಯ ಪರಿಚಯವಾಯಿತು. ಅಂದು ಯುನಿಕ್ಸ್ ದೊಡ್ಡ ಸಂಸ್ಥೆಗಳ ಬೆಲೆಬಾಳುವ ಯಂತ್ರಗಳಿಗೆ ಸೀಮಿತವಾಗಿತ್ತು. ಮನೆಯ ಗಣಕಯಂತ್ರದಲ್ಲಿಯೂ ಅಂಥದೊಂದು ವ್ಯವಸ್ಥೆಯನ್ನು ನಡೆಸಬೇಕೆಂಬ ಆಸೆಯುಳ್ಳ ವಿದ್ಯಾರ್ಥಿಗಳಿಗೆ, ಫಿನ್‌ಲೆಂಡ್‌ನ ಲೀನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಬಿಡುಗಡೆ ಮಾಡಿದ ಲಿನಕ್ಸ್ ಕರ್ನಲ್ ಹೊಸ ದಾರಿಯನ್ನು ತೆರೆದಿತ್ತು. ಮರ್ಡಾಕ್ ಅವರೂ ಆ ದಾರಿಯಲ್ಲಿ ಬಂದವರು.

ಲಿನಕ್ಸ್ ವಿತರಣೆಗಳ ಆರಂಭಕಾಲ

ಲಿನಕ್ಸ್ ಎಂಬುದು ಕಾರ್ಯಾಚರಣ ವ್ಯವಸ್ಥೆಯ ತಿರುಳು ಮಾತ್ರ. ಅದನ್ನು ಬಳಸಬೇಕಾದರೆ ಸಂಕಲಕ, ಪಠ್ಯ ಸಂಪಾದಕ, ಜಾಲ ಸಂಪರ್ಕದ ಉಪಕರಣಗಳು, ಮುದ್ರಣ ವ್ಯವಸ್ಥೆ ಮುಂತಾದ ನೂರಾರು ತಂತ್ರಾಂಶಗಳು ಅದರೊಂದಿಗೆ ಬೇಕು. ಇವುಗಳಲ್ಲಿ ಅನೇಕವು ರಿಚರ್ಡ್ ಸ್ಟಾಲ್‌ಮನ್ ೧೯೮೩ರಲ್ಲಿ ಘೋಷಿಸಿದ ಗ್ನೂ ಯೋಜನೆಯಿಂದ ಬಂದವು. ಹೀಗೆ ಬೇರೆ ಬೇರೆ ಕಡೆಗಳಲ್ಲಿ ಸಿದ್ಧವಾದ ತಂತ್ರಾಂಶಗಳನ್ನು ಒಟ್ಟುಗೂಡಿಸಿ, ಒಂದಕ್ಕೊಂದು ಹೊಂದುವಂತೆ ಮಾಡಿ, ಸುಲಭವಾಗಿ ಅನುಸ್ಥಾಪಿಸುವ ರೂಪದಲ್ಲಿ ಕೊಡುವ ಸಂಕಲನಕ್ಕೆ ವಿತರಣೆ ಎಂದು ಹೆಸರು.

೧೯೯೨ರಲ್ಲಿ ಬಂದ ಸಾಫ್ಟ್‌ಲ್ಯಾಂಡಿಂಗ್ ಲಿನಕ್ಸ್ ಸಿಸ್ಟಮ್, ಅಂದರೆ ಎಸ್‌ಎಲ್‌ಎಸ್, ಮೊದಲ ಜನಪ್ರಿಯ ವಿತರಣೆಗಳಲ್ಲೊಂದು. ಅದನ್ನು ಫ್ಲಾಪಿ ತಟ್ಟೆಗಳ ದೊಡ್ಡ ಕಟ್ಟಿನಿಂದ ಗಣಕಯಂತ್ರಕ್ಕೆ ಇಳಿಸಿಕೊಳ್ಳಬೇಕಾಗಿತ್ತು. ಜನಪ್ರಿಯವಾಗಿದ್ದರೂ ಅದರಲ್ಲಿ ದೋಷಗಳು ಬಹಳವಿದ್ದವು, ಅವುಗಳನ್ನು ತಿದ್ದುವ ಕೆಲಸವೂ ಸರಿಯಾಗಿ ನಡೆಯುತ್ತಿರಲಿಲ್ಲ. ಈ ಅತೃಪ್ತಿಯಿಂದಲೇ ೧೯೯೩ರಲ್ಲಿ ಎರಡು ಹೊಸ ವಿತರಣೆಗಳು ಹುಟ್ಟಿದವು. ಪ್ಯಾಟ್ರಿಕ್ ವೋಲ್ಕರ್ಡಿಂಗ್ ಅವರು ಎಸ್‌ಎಲ್‌ಎಸ್ ಅನ್ನು ತಿದ್ದಿ ಸ್ಲಾಕ್‌ವೇರ್ ಅನ್ನು ಹೊರತಂದರು. ಮರ್ಡಾಕ್ ಅವರು ತಿದ್ದುವುದನ್ನು ಬಿಟ್ಟು ಮೊದಲಿನಿಂದ ಕಟ್ಟಲು ನಿರ್ಧರಿಸಿದರು.

ಡೆಬಿಯನ್ ಸ್ಥಾಪನೆ

೧೯೯೩ರ ಆಗಸ್ಟ್ ೧೬ರಂದು, ತಮ್ಮ ಇಪ್ಪತ್ತನೆಯ ವಯಸ್ಸಿನಲ್ಲಿ, ಮರ್ಡಾಕ್ ಅವರು ಹೊಸ ವಿತರಣೆಯೊಂದನ್ನು ಸಿದ್ಧಪಡಿಸುತ್ತಿರುವುದಾಗಿ ಪ್ರಕಟಿಸಿದರು. ಅಂದು ತಮ್ಮ ಗೆಳತಿಯಾಗಿದ್ದು ಮುಂದೆ ಪತ್ನಿಯಾದ ಡೆಬ್ರಾ ಅವರ ಹೆಸರನ್ನು ತಮ್ಮ ಹೆಸರಿನೊಂದಿಗೆ ಕೂಡಿಸಿ ಅದಕ್ಕೆ ಡೆಬಿಯನ್ ಎಂದು ಹೆಸರಿಟ್ಟರು. ಆಗಸ್ಟ್ ೧೬ ಅನ್ನು ಡೆಬಿಯನ್ ಬಳಗವು ಇಂದಿಗೂ ಯೋಜನೆಯ ಜನ್ಮದಿನವಾಗಿ ಆಚರಿಸುತ್ತದೆ.

ಆರಂಭದ ಕೆಲವು ತಿಂಗಳ ಪ್ರಾಯೋಗಿಕ ಆವೃತ್ತಿಗಳ ನಂತರ ೧೯೯೪ರ ಜನವರಿಯಲ್ಲಿ ೦.೯೧ ಆವೃತ್ತಿ ಹೊರಬಂದಿತು. ಅದರಲ್ಲಿ ಪ್ಯಾಕೇಜುಗಳನ್ನು ಅನುಸ್ಥಾಪಿಸುವ ಮತ್ತು ತೆಗೆದುಹಾಕುವ ಸರಳ ವ್ಯವಸ್ಥೆಯೊಂದಿತ್ತು. ಗ್ನೂ ಯೋಜನೆಯ ಮಾತೃಸಂಸ್ಥೆಯಾದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ೧೯೯೪ರ ನವೆಂಬರ್‌ನಿಂದ ೧೯೯೫ರ ನವೆಂಬರ್‌ವರೆಗೆ ಒಂದು ವರ್ಷ ಈ ಯೋಜನೆಗೆ ಆಶ್ರಯ ನೀಡಿತು.

ಡೆಬಿಯನ್ ಪ್ರಣಾಳಿಕೆ

ವಿತರಣೆಯ ಜೊತೆಗೆ ಮರ್ಡಾಕ್ ಅವರು ಡೆಬಿಯನ್ ಪ್ರಣಾಳಿಕೆ ಎಂಬ ಕಿರುಬರಹವನ್ನೂ ಪ್ರಕಟಿಸಿದರು. ಲಿನಕ್ಸ್‌ನ ಬೆಳವಣಿಗೆಗೆ ವಿತರಣೆಗಳು ಅತ್ಯಗತ್ಯವಾದರೂ, ಅವುಗಳನ್ನು ಕಟ್ಟುವ ಮತ್ತು ಕಾಪಾಡುವ ಕೆಲಸಕ್ಕೆ ಯಾರೂ ಸಾಕಷ್ಟು ಗಮನ ಕೊಡುತ್ತಿಲ್ಲ ಎಂಬುದು ಅದರ ಮೂಲ ವಾದ. ಒಬ್ಬನೇ ವ್ಯಕ್ತಿ ಅಥವಾ ಒಂದೇ ಕಂಪನಿ ಎಲ್ಲ ತಂತ್ರಾಂಶಗಳ ಹೊಣೆಯನ್ನು ಹೊರುವ ಬದಲು, ಲಿನಕ್ಸ್ ಕರ್ನಲ್ ಬೆಳೆದ ರೀತಿಯಲ್ಲಿಯೇ ವಿತರಣೆಯೂ ಬಹಿರಂಗವಾಗಿ, ಅನೇಕರ ಸಹಭಾಗಿತ್ವದಲ್ಲಿ ಬೆಳೆಯಬೇಕೆಂದು ಅವರು ಪ್ರತಿಪಾದಿಸಿದರು.

ಈ ಚಿಂತನೆಯಿಂದ ಒಂದು ತಾಂತ್ರಿಕ ಅಗತ್ಯವೂ ಹುಟ್ಟಿತು. ಕೆಲಸವನ್ನು ಅನೇಕರಿಗೆ ಹಂಚಬೇಕಾದರೆ ವ್ಯವಸ್ಥೆಯನ್ನು ಚಿಕ್ಕ ಚಿಕ್ಕ ಸ್ವತಂತ್ರ ಭಾಗಗಳಾಗಿ ಒಡೆಯಬೇಕು. ಪ್ರತಿಯೊಂದು ಭಾಗಕ್ಕೂ ಒಬ್ಬ ನಿರ್ವಾಹಕನಿರಬೇಕು. ಒಬ್ಬನು ಸಿದ್ಧಪಡಿಸಿದ ಭಾಗವು ಮತ್ತೊಬ್ಬನ ಭಾಗವನ್ನು ಕೆಡಿಸಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಒಂದು ಭಾಗದ ಹೊಸ ಆವೃತ್ತಿ ಬಂದಾಗ ಬಳಕೆದಾರನು ಎಲ್ಲವನ್ನೂ ಅಳಿಸಿ ಮತ್ತೆ ಆರಂಭಿಸುವಂತಾಗಬಾರದು. ಆ ಭಾಗವೇ ಪ್ಯಾಕೇಜು.

ಪ್ಯಾಕೇಜು ವ್ಯವಸ್ಥೆಯ ಬೆಳವಣಿಗೆ

ಡೆಬಿಯನ್‌ನ ಪ್ಯಾಕೇಜು ನಿರ್ವಹಣಾ ತಂತ್ರಾಂಶದ ಹೆಸರು ಡಿಪಿಕೆಜಿ. ಇದರ ಮೊದಲ ರೂಪವನ್ನು ಮರ್ಡಾಕ್ ಅವರು ೧೯೯೪ರ ಆರಂಭದಲ್ಲಿ ಬರೆದರು. ನಂತರ ಮ್ಯಾಟ್ ವೆಲ್ಶ್, ಕಾರ್ಲ್ ಸ್ಟ್ರೀಟರ್ ಮತ್ತು ಮರ್ಡಾಕ್ ಸೇರಿ ಅದನ್ನು ಪರ್ಲ್ ಭಾಷೆಯಲ್ಲಿ ಬರೆದರು. ಬ್ರಿಟನ್ನಿನ ಇಯಾನ್ ಜಾಕ್ಸನ್ ಅವರು ಅದನ್ನು ಸಿ ಭಾಷೆಯಲ್ಲಿ ಪುನಃ ರಚಿಸಿದರು. ಇಂದು ಬಳಕೆಯಲ್ಲಿರುವ ಡಿಪಿಕೆಜಿ ಈ ಪುನರ್ರಚನೆಯಿಂದಲೇ ಬೆಳೆದು ಬಂದಿದೆ. ಪ್ಯಾಕೇಜುಗಳನ್ನು ಜಾಲದಿಂದ ತಾನೇ ತಂದು, ಅವುಗಳ ಪರಸ್ಪರ ಅವಲಂಬನೆಗಳನ್ನು ಬಿಡಿಸಿ ಅನುಸ್ಥಾಪಿಸುವ ಆಪ್ಟ್ ಎಂಬ ಉಪಕರಣವು ೧೯೯೯ರಲ್ಲಿ ಬಿಡುಗಡೆಯಾದ ಡೆಬಿಯನ್ ೨.೧ರಿಂದ ಜೊತೆಯಾಯಿತು. ಆಪ್ಟ್ ತಂದ ಪ್ಯಾಕೇಜನ್ನು ಬಿಚ್ಚಿ ಕಡತಗಳನ್ನು ಸ್ಥಳಕ್ಕೆ ಸೇರಿಸುವ ಕೆಲಸ ಮಾತ್ರ ಇಂದಿಗೂ ಡಿಪಿಕೆಜಿಯದೇ.

ಸಂರಚನಾ ಕಡತಗಳ ಸಮಸ್ಯೆ

ಇದ್ದಲ್ಲಿಯೇ ನವೀಕರಿಸುವ ವ್ಯವಸ್ಥೆಯು ಎದುರಿಸುವ ಕಠಿಣ ಪ್ರಶ್ನೆಗಳಲ್ಲಿ ಸಂರಚನಾ ಕಡತಗಳದು ಮುಖ್ಯವಾದುದು. ತಂತ್ರಾಂಶವು ಹೇಗೆ ನಡೆದುಕೊಳ್ಳಬೇಕೆಂದು ತಿಳಿಸುವ ಪಠ್ಯ ಕಡತವೇ ಸಂರಚನಾ ಕಡತ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಇವು ಸಾಮಾನ್ಯವಾಗಿ ಇಟಿಸಿ ಎಂಬ ಕಡತಕೋಶದಲ್ಲಿರುತ್ತವೆ.

ತಂತ್ರಾಂಶದ ಉಳಿದ ಕಡತಗಳಿಗೆ ಒಬ್ಬನೇ ಒಡೆಯ, ಅಂದರೆ ಪ್ಯಾಕೇಜನ್ನು ಸಿದ್ಧಪಡಿಸಿದವನು. ಹೊಸ ಆವೃತ್ತಿ ಬಂದಾಗ ಹಳೆಯದನ್ನು ತೆಗೆದು ಹೊಸದನ್ನು ಇಟ್ಟರಾಯಿತು. ಸಂರಚನಾ ಕಡತಕ್ಕೆ ಇಬ್ಬರು ಒಡೆಯರು. ಮೊದಲ ಪ್ರತಿಯನ್ನು ಪ್ಯಾಕೇಜು ಕೊಡುತ್ತದೆ. ಆಮೇಲೆ ಬಳಕೆದಾರನು ತನ್ನ ಊರಿನ, ತನ್ನ ಕಛೇರಿಯ ಅಗತ್ಯಕ್ಕೆ ಅದನ್ನು ತಿದ್ದಿಕೊಳ್ಳುತ್ತಾನೆ. ಹೊಸ ಆವೃತ್ತಿಯು ಈ ಕಡತದ ಮೇಲೆ ತನ್ನ ಪ್ರತಿಯನ್ನು ಹೇಳದೆ ಕೇಳದೆ ಬರೆದರೆ ಬಳಕೆದಾರನ ಶ್ರಮ ನಷ್ಟವಾಗುತ್ತದೆ. ಹಳೆಯ ಪ್ರತಿಯನ್ನು ಎಂದಿಗೂ ಮುಟ್ಟದಿದ್ದರೆ, ಹೊಸ ತಂತ್ರಾಂಶಕ್ಕೆ ಅರ್ಥವಾಗದ ಹಳೆಯ ಸೂಚನೆಗಳು ಉಳಿದು ಸೇವೆ ನಿಂತುಹೋಗಬಹುದು. ಭದ್ರತೆಗಾಗಿ ಮಾಡಿದ ತಿದ್ದುಪಡಿಗಳೂ ತಲುಪದೆ ಹೋಗಬಹುದು.

ಡೆಬಿಯನ್ ತನ್ನ ನೀತಿ ಗ್ರಂಥದಲ್ಲಿ ಇದನ್ನು ಕಡ್ಡಾಯ ನಿಯಮವಾಗಿಯೇ ಇರಿಸಿದೆ. ನವೀಕರಣದ ವೇಳೆ ಬಳಕೆದಾರನು ಮಾಡಿದ ಸ್ಥಳೀಯ ಬದಲಾವಣೆಗಳು ಉಳಿಯಬೇಕು. ಪ್ಯಾಕೇಜನ್ನು ತೆಗೆದುಹಾಕಿದಾಗಲೂ ಅದರ ಸಂರಚನಾ ಕಡತಗಳು ಉಳಿದಿರಬೇಕು. ಸಂಪೂರ್ಣವಾಗಿ ಅಳಿಸುವಂತೆ ಬಳಕೆದಾರನು ಸ್ಪಷ್ಟವಾಗಿ ಆಜ್ಞಾಪಿಸಿದಾಗ ಮಾತ್ರ ಅವು ಹೋಗಬೇಕು.

ಮೂರು ಪ್ರತಿಗಳ ಹೋಲಿಕೆ

ಪ್ರತಿಯೊಂದು ಪ್ಯಾಕೇಜಿನೊಳಗೆ ಅದರ ಸಂರಚನಾ ಕಡತಗಳ ಪಟ್ಟಿಯೊಂದು ಇರುತ್ತದೆ. ಅನುಸ್ಥಾಪನೆಯ ಹೊತ್ತಿಗೆ ಡಿಪಿಕೆಜಿಯು ಆ ಕಡತಗಳ ಎಂಡಿ೫ ಮೊತ್ತವನ್ನು ಲೆಕ್ಕಹಾಕಿ ದಾಖಲಿಸಿಕೊಳ್ಳುತ್ತದೆ. ಕಡತದಲ್ಲಿ ಒಂದು ಅಕ್ಷರ ಬದಲಾದರೂ ಈ ಮೊತ್ತ ಬದಲಾಗುತ್ತದೆ. ಮುಂದೆ ಹೊಸ ಆವೃತ್ತಿ ಬಂದಾಗ ಮೂರು ಪ್ರತಿಗಳನ್ನು ಹೋಲಿಸಲಾಗುತ್ತದೆ: ಹಿಂದಿನ ಪ್ಯಾಕೇಜು ಕೊಟ್ಟ ಪ್ರತಿ, ಈಗ ತಟ್ಟೆಯ ಮೇಲಿರುವ ಪ್ರತಿ ಮತ್ತು ಹೊಸ ಪ್ಯಾಕೇಜು ತಂದಿರುವ ಪ್ರತಿ. ಇದರಿಂದ ಕೆಳಗಿನ ತೀರ್ಮಾನಗಳು ಹೊರಡುತ್ತವೆ.

೧. ಬಳಕೆದಾರನು ಕಡತವನ್ನು ತಿದ್ದಿಲ್ಲ, ಪ್ಯಾಕೇಜು ತಿದ್ದಿದೆ: ಹೊಸ ಪ್ರತಿಯನ್ನು ಸದ್ದಿಲ್ಲದೆ ಇರಿಸಲಾಗುತ್ತದೆ.

೨. ಬಳಕೆದಾರನು ತಿದ್ದಿದ್ದಾನೆ, ಪ್ಯಾಕೇಜು ತಿದ್ದಿಲ್ಲ: ಬಳಕೆದಾರನ ಪ್ರತಿಯನ್ನು ಸದ್ದಿಲ್ಲದೆ ಉಳಿಸಲಾಗುತ್ತದೆ.

೩. ಇಬ್ಬರೂ ತಿದ್ದಿಲ್ಲ: ಮಾಡಬೇಕಾದುದು ಏನೂ ಇಲ್ಲ.

೪. ಇಬ್ಬರೂ ತಿದ್ದಿದ್ದಾರೆ, ತಿದ್ದುಪಡಿಗಳು ಬೇರೆ ಬೇರೆಯಾಗಿವೆ: ನವೀಕರಣವನ್ನು ಅಲ್ಲಿಗೆ ನಿಲ್ಲಿಸಿ ಬಳಕೆದಾರನನ್ನು ಕೇಳಲಾಗುತ್ತದೆ.

ಬಳಕೆದಾರನು ಕಡತವನ್ನು ಅಳಿಸಿದ್ದರೆ ಅದನ್ನೂ ಅವನ ಇಚ್ಛೆಯೆಂದೇ ಪರಿಗಣಿಸಲಾಗುತ್ತದೆ. ಅವನನ್ನು ಕೇಳದೆ ಕಡತವನ್ನು ಮತ್ತೆ ತಂದಿಡುವುದಿಲ್ಲ. ಹೀಗೆ ನಾಲ್ಕರಲ್ಲಿ ಮೂರು ಸಂದರ್ಭಗಳನ್ನು ಯಂತ್ರವೇ ನಿಭಾಯಿಸಿ, ನಿಜವಾದ ಸಂದೇಹವಿರುವಲ್ಲಿ ಮಾತ್ರ ಮನುಷ್ಯನ ತೀರ್ಮಾನವನ್ನು ಬೇಡುವುದು ಈ ಕ್ರಮದ ವಿಶೇಷ.

ಬಳಕೆದಾರನ ಮುಂದಿರುವ ಆಯ್ಕೆಗಳು

ನಾಲ್ಕನೆಯ ಸಂದರ್ಭದಲ್ಲಿ ಪರದೆಯ ಮೇಲೆ ನಾಲ್ಕು ಆಯ್ಕೆಗಳು ಕಾಣುತ್ತವೆ: ಪ್ಯಾಕೇಜಿನ ಹೊಸ ಪ್ರತಿಯನ್ನು ಸ್ವೀಕರಿಸುವುದು, ಈಗಿರುವ ಪ್ರತಿಯನ್ನೇ ಉಳಿಸಿಕೊಳ್ಳುವುದು, ಎರಡರ ನಡುವಣ ವ್ಯತ್ಯಾಸವನ್ನು ಸಾಲು ಸಾಲಾಗಿ ನೋಡುವುದು, ಅಥವಾ ತಾತ್ಕಾಲಿಕವಾಗಿ ಆಜ್ಞಾಸಾಲಿಗೆ ಹೋಗಿ ಪರಿಸ್ಥಿತಿಯನ್ನು ಪರಿಶೀಲಿಸುವುದು. ಬಳಕೆದಾರನು ಏನನ್ನೂ ಆರಿಸದೆ ಎಂಟರ್ ಕೀಲಿಯನ್ನು ಒತ್ತಿದರೆ ಈಗಿರುವ ಪ್ರತಿಯೇ ಉಳಿಯುತ್ತದೆ.

ಯಾವುದನ್ನು ಆರಿಸಿದರೂ ಇನ್ನೊಂದು ಪ್ರತಿ ನಷ್ಟವಾಗುವುದಿಲ್ಲ. ಹೊಸದನ್ನು ಸ್ವೀಕರಿಸಿದರೆ ಬಳಕೆದಾರನ ಹಳೆಯ ಪ್ರತಿಯು ಹೆಸರಿನ ಕೊನೆಗೆ ಡಿಪಿಕೆಜಿ-ಓಲ್ಡ್ ಎಂಬ ಗುರುತಿನೊಂದಿಗೆ ಅದೇ ಕಡತಕೋಶದಲ್ಲಿ ಉಳಿಯುತ್ತದೆ. ಹಳೆಯದನ್ನು ಉಳಿಸಿಕೊಂಡರೆ ಪ್ಯಾಕೇಜಿನ ಪ್ರತಿಯು ಡಿಪಿಕೆಜಿ-ಡಿಸ್ಟ್ ಎಂಬ ಗುರುತಿನೊಂದಿಗೆ ಪಕ್ಕದಲ್ಲಿರುತ್ತದೆ. ಬಿಡುವಾದಾಗ ಇವೆರಡನ್ನೂ ಹೋಲಿಸಿ ಬೇಕಾದ ಸಾಲುಗಳನ್ನು ಸೇರಿಸಿಕೊಳ್ಳಬಹುದು. ಮನುಷ್ಯರು ಎದುರಿಗಿಲ್ಲದ ಯಂತ್ರಗಳಲ್ಲಿ ನವೀಕರಿಸುವಾಗ ಹಳೆಯದನ್ನೇ ಉಳಿಸು ಅಥವಾ ಹೊಸದನ್ನೇ ಇರಿಸು ಎಂದು ಮೊದಲೇ ಆಜ್ಞಾಪಿಸುವ ಅನುಕೂಲವೂ ಇದೆ.

ಒಂದು ಉದಾಹರಣೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಅಥವಾ ಬಸವನ ಬಾಗೇವಾಡಿಯಂತಹ ತಾಲೂಕು ಕೇಂದ್ರದಲ್ಲಿ ಕಾಲೇಜೊಂದರ ಗಣಕ ಪ್ರಯೋಗಾಲಯವಿದೆ ಎಂದು ಭಾವಿಸೋಣ. ಅಲ್ಲಿನ ಇಪ್ಪತ್ತು ಯಂತ್ರಗಳಿಗೆ ಒಂದೇ ಅಂತರಜಾಲ ಸಂಪರ್ಕ. ಡೆಬಿಯನ್ ಇರುವ ಒಂದು ಸರ್ವರ್‌ನಲ್ಲಿ ಸ್ಕ್ವಿಡ್ ಎಂಬ ತಂತ್ರಾಂಶವು ಆ ಸಂಪರ್ಕವನ್ನು ಎಲ್ಲ ಯಂತ್ರಗಳಿಗೂ ಹಂಚುತ್ತದೆ. ಯಾವ ಯಂತ್ರಗಳಿಗೆ ಅನುಮತಿ, ಪಾಠದ ವೇಳೆಯಲ್ಲಿ ಯಾವ ತಾಣಗಳಿಗೆ ತಡೆ ಎಂಬುದನ್ನು ಉಪನ್ಯಾಸಕರೊಬ್ಬರು ಅದರ ಸಂರಚನಾ ಕಡತದಲ್ಲಿ ಬರೆದಿದ್ದಾರೆ.

ಸ್ಕ್ವಿಡ್‌ನ ಹೊಸ ಆವೃತ್ತಿಯು ಬದಲಾದ ಸಂರಚನಾ ಕಡತದೊಂದಿಗೆ ಬಂದಾಗ ಡಿಪಿಕೆಜಿಯು ಪ್ರಶ್ನೆಯನ್ನು ಕೇಳುತ್ತದೆ. ಓದದೆ ಹೊಸ ಪ್ರತಿಯನ್ನು ಒಪ್ಪಿದರೆ ಕಾಲೇಜಿನ ಯಂತ್ರಗಳ ಪಟ್ಟಿ ಇಲ್ಲವಾಗಿ, ಮರುದಿನ ಬೆಳಿಗ್ಗೆ ಇಡೀ ಪ್ರಯೋಗಾಲಯಕ್ಕೆ ಅಂತರಜಾಲ ದೊರೆಯುವುದಿಲ್ಲ. ಓದದೆ ಹಳೆಯದನ್ನು ಉಳಿಸಿಕೊಂಡರೆ, ಹೊಸ ಆವೃತ್ತಿಯು ಕೈಬಿಟ್ಟ ಸೂಚನೆಯೊಂದು ಅದರಲ್ಲಿದ್ದು ಸ್ಕ್ವಿಡ್ ಆರಂಭವಾಗದೆ ಹೋಗಬಹುದು. ವ್ಯತ್ಯಾಸವನ್ನು ನೋಡುವ ಆಯ್ಕೆಯನ್ನು ಒತ್ತಿದವರಿಗೆ ಮಾತ್ರ ಎರಡೂ ತೊಂದರೆಗಳು ಮೊದಲೇ ತಿಳಿಯುತ್ತವೆ. ದುರಸ್ತಿಗೆ ಬರುವವರು ದೂರದ ಊರಿನಲ್ಲಿರುವಾಗ ಒಂದು ಕಡತದ ಪ್ರಶ್ನೆ ಕೆಲವು ದಿನಗಳ ಪಾಠದ ಪ್ರಶ್ನೆಯಾಗುತ್ತದೆ. ಹಿಂದಿನ ಪ್ರತಿಯು ಅದೇ ಕಡತಕೋಶದಲ್ಲಿ ಉಳಿದಿರುತ್ತದೆ ಎಂಬ ತಿಳಿವಳಿಕೆ ಇದ್ದರೆ, ಅಲ್ಲಿಯ ಉಪನ್ಯಾಸಕರೇ ಅದನ್ನು ಮೊದಲಿನ ಹೆಸರಿಗೆ ತಂದು ಸೇವೆಯನ್ನು ಮತ್ತೆ ಆರಂಭಿಸಬಹುದು.

ಇಂತಹ ಬದಲಾವಣೆಯ ನಿಜವಾದ ನಿದರ್ಶನ ೨೦೧೫ರಲ್ಲಿ ಬಿಡುಗಡೆಯಾದ ಡೆಬಿಯನ್ ೮ರಲ್ಲಿದೆ. ಅದರಲ್ಲಿ ಅಪಾಚೆ ಜಾಲ ಸರ್ವರ್ ೨.೨ರಿಂದ ೨.೪ಕ್ಕೆ ಏರಿತು. ಪ್ರವೇಶಕ್ಕೆ ಅನುಮತಿ ನೀಡುವ ಸೂಚನೆಗಳ ಬರವಣಿಗೆಯೇ ಬದಲಾಗಿತ್ತು. ತಾಣಗಳ ಸಂರಚನಾ ಕಡತಗಳ ಹೆಸರು ನಿರ್ದಿಷ್ಟ ಅಂತ್ಯವನ್ನು ಹೊಂದಿರಬೇಕೆಂಬ ಕಟ್ಟಳೆಯೂ ಬಂದಿತು. ಹಳೆಯ ಕಡತಗಳನ್ನು ಕೈಯಿಂದ ತಿದ್ದದ ಹೊರತು ಅನೇಕ ತಾಣಗಳು ಹೊಸ ವ್ಯವಸ್ಥೆಯಲ್ಲಿ ಮೊದಲಿನಂತೆ ನಡೆಯುವಂತಿರಲಿಲ್ಲ.

ನಂತರದ ಪರಿಹಾರಗಳು

ಡಿಪಿಕೆಜಿಯ ಕ್ರಮಕ್ಕೂ ಮಿತಿಗಳಿವೆ. ಕಡತದಲ್ಲಿ ಒಂದೇ ಸಾಲನ್ನು ತಿದ್ದಿದ್ದರೂ ಅದು ಇಡೀ ಕಡತವನ್ನು ಬದಲಾದದ್ದೆಂದೇ ಎಣಿಸುತ್ತದೆ. ಎರಡೂ ಕಡೆಯ ತಿದ್ದುಪಡಿಗಳನ್ನು ತಾನಾಗಿ ಬೆಸೆಯುವುದಿಲ್ಲ. ಈ ಕೊರತೆಯನ್ನು ನೀಗಿಸಲು ಡೆಬಿಯನ್ ಬಳಗದವರೇ ಬೇರೆ ಉಪಕರಣಗಳನ್ನು ರೂಪಿಸಿದರು. ಮನೋಜ್ ಶ್ರೀವಾಸ್ತವ ಅವರು ರಚಿಸಿದ ಯುಸಿಎಫ್, ಮೂರು ಪ್ರತಿಗಳನ್ನು ಹೋಲಿಸಿ ಪರಸ್ಪರ ವಿರೋಧವಿಲ್ಲದ ತಿದ್ದುಪಡಿಗಳನ್ನು ಬೆಸೆಯುವ ಅವಕಾಶವನ್ನು ನೀಡುತ್ತದೆ. ಜೋಯಿ ಹೆಸ್ ಅವರ ಡೆಬ್‌ಕಾನ್ಫ್, ಬಳಕೆದಾರನಿಂದ ಪ್ರಶ್ನೋತ್ತರದ ಮೂಲಕ ಮಾಹಿತಿಯನ್ನು ಪಡೆದು ಸಂರಚನೆಯನ್ನು ರೂಪಿಸುತ್ತದೆ. ಅವರದೇ ಇಟಿಸಿಕೀಪರ್, ಇಟಿಸಿ ಕಡತಕೋಶದ ಪ್ರತಿಯೊಂದು ಬದಲಾವಣೆಯನ್ನೂ ಇತಿಹಾಸವಾಗಿ ದಾಖಲಿಸಿ, ಬೇಕಾದಾಗ ಹಿಂದಿನ ಸ್ಥಿತಿಗೆ ಮರಳಲು ನೆರವಾಗುತ್ತದೆ.

ಇನ್ನೊಂದು ಉಪಾಯವೆಂದರೆ ಕಡತವನ್ನೇ ಹಂಚುವುದು. ಪ್ಯಾಕೇಜಿನ ಮುಖ್ಯ ಕಡತವನ್ನು ಮುಟ್ಟದೆ, ಸ್ಥಳೀಯ ಸೂಚನೆಗಳನ್ನು ಪಕ್ಕದ ಕಡತಕೋಶವೊಂದರಲ್ಲಿ ಪ್ರತ್ಯೇಕ ಚಿಕ್ಕ ಕಡತವಾಗಿ ಇರಿಸಿದರೆ ಒಡೆತನದ ಗೊಂದಲವೇ ಹುಟ್ಟುವುದಿಲ್ಲ. ಇಂದು ಬಹಳಷ್ಟು ತಂತ್ರಾಂಶಗಳು ಈ ಪದ್ಧತಿಯನ್ನು ಬೆಂಬಲಿಸುತ್ತವೆ. ಉಳಿದ ವಿತರಣೆಗಳೂ ಇದೇ ಸಮಸ್ಯೆಗೆ ತಮ್ಮದೇ ಉತ್ತರಗಳನ್ನು ಕಂಡುಕೊಂಡಿವೆ. ರೆಡ್ ಹ್ಯಾಟ್ ಪರಂಪರೆಯ ಆರ್‌ಪಿಎಂ ವ್ಯವಸ್ಥೆಯು ಪ್ರಶ್ನೆ ಕೇಳದೆ, ಸಂದರ್ಭಕ್ಕೆ ತಕ್ಕಂತೆ ಹೊಸ ಪ್ರತಿಯನ್ನು ಆರ್‌ಪಿಎಂನ್ಯೂ ಎಂದೋ ಹಳೆಯದನ್ನು ಆರ್‌ಪಿಎಂಸೇವ್ ಎಂದೋ ಪಕ್ಕಕ್ಕಿಡುತ್ತದೆ. ಆರ್ಚ್ ಲಿನಕ್ಸ್ ಹೊಸ ಪ್ರತಿಯನ್ನು ಪ್ಯಾಕ್‌ನ್ಯೂ ಎಂಬ ಗುರುತಿನಿಂದ ಇರಿಸುತ್ತದೆ.

ನಾಯಕತ್ವದ ಹಸ್ತಾಂತರ

ಮರ್ಡಾಕ್ ಅವರು ೧೯೯೬ರ ಮಾರ್ಚ್‌ವರೆಗೆ ಡೆಬಿಯನ್‌ನ ನಾಯಕರಾಗಿದ್ದರು. ಅನಂತರ ಆ ಹೊಣೆಯನ್ನು ಬ್ರೂಸ್ ಪೆರೆನ್ಸ್ ವಹಿಸಿಕೊಂಡರು. ಅದೇ ವರ್ಷ ಜೂನ್ ೧೭ರಂದು ೪೭೪ ಪ್ಯಾಕೇಜುಗಳನ್ನೊಳಗೊಂಡ ಡೆಬಿಯನ್ ೧.೧ ಹೊರಬಂದಿತು. ಅದಕ್ಕೆ ಟಾಯ್ ಸ್ಟೋರಿ ಚಲನಚಿತ್ರದ ಪಾತ್ರವೊಂದರ ಹೆಸರಾದ ಬಜ್ ಎಂಬ ಸಂಕೇತನಾಮವನ್ನಿಡಲಾಯಿತು. ಪೆರೆನ್ಸ್ ಅವರು ಆಗ ಆ ಚಿತ್ರವನ್ನು ನಿರ್ಮಿಸಿದ ಪಿಕ್ಸಾರ್ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದರು. ಆ ಪದ್ಧತಿ ಇಂದಿಗೂ ಮುಂದುವರಿದಿದೆ.

೧೯೯೭ರಲ್ಲಿ ಡೆಬಿಯನ್ ತನ್ನ ಸಾಮಾಜಿಕ ಒಪ್ಪಂದವನ್ನು ಅಂಗೀಕರಿಸಿತು. ಅದರ ಭಾಗವಾದ ಮುಕ್ತ ತಂತ್ರಾಂಶ ಮಾರ್ಗಸೂಚಿಗಳೇ ೧೯೯೮ರಲ್ಲಿ ರೂಪುಗೊಂಡ ಓಪನ್ ಸೋರ್ಸ್ ವ್ಯಾಖ್ಯೆಗೆ ಆಧಾರವಾದವು. ಮುಂದೆ ಯೋಜನೆಯ ನಾಯಕರನ್ನು ಸದಸ್ಯರೇ ಚುನಾವಣೆಯ ಮೂಲಕ ಆರಿಸುವ ವ್ಯವಸ್ಥೆ ಬಂದಿತು. ಸ್ಥಾಪಕರು ಹೊರಟುಹೋದ ಮೇಲೂ ಯೋಜನೆಯು ಕುಗ್ಗದೆ ಬೆಳೆದದ್ದು, ಕೆಲಸವನ್ನು ಆರಂಭದಿಂದಲೇ ಅನೇಕರಿಗೆ ಹಂಚಿದ್ದರ ಫಲ.

ಪ್ರಾಜೆನಿ

ಮರ್ಡಾಕ್ ಅವರು ಇಂಡಿಯಾನಾಪೊಲಿಸ್ ನಗರದಲ್ಲಿ ಪ್ರಾಜೆನಿ ಲಿನಕ್ಸ್ ಸಿಸ್ಟಮ್ಸ್ ಎಂಬ ಕಂಪನಿಯನ್ನು ಸ್ಥಾಪಿಸಿದರು. ಡೆಬಿಯನ್ ಆಧಾರದ ಮೇಲೆ ಸುಲಭ ಅನುಸ್ಥಾಪನೆಯುಳ್ಳ ವಾಣಿಜ್ಯ ವಿತರಣೆಯನ್ನು ನೀಡುವುದು ಅದರ ಮೊದಲ ಉದ್ದೇಶವಾಗಿತ್ತು. ೨೦೦೧ರಲ್ಲಿ ಅದರ ವಿತರಣೆಯ ೧.೦ ಆವೃತ್ತಿ ಹೊರಬಂದಿತು. ಆದರೆ ಅದನ್ನು ಹೆಚ್ಚು ಕಾಲ ಮುಂದುವರಿಸಲಾಗಲಿಲ್ಲ. ಕಂಪನಿಯು ಬೇರೆ ಸಂಸ್ಥೆಗಳಿಗೆ ಅವರವರ ಅಗತ್ಯಕ್ಕೆ ತಕ್ಕ ವಿತರಣೆಗಳನ್ನು ಕಟ್ಟಿಕೊಡುವ ಸೇವೆಯತ್ತ ಹೊರಳಿತು. ೨೦೦೭ರಲ್ಲಿ ತನ್ನ ಕಾರ್ಯವನ್ನು ನಿಲ್ಲಿಸಿತು. ೨೦೦೪ರಲ್ಲಿ ಆರಂಭವಾದ ಉಬುಂಟು ಇದೇ ಹಾದಿಯಲ್ಲಿ ನಡೆದು ದೊಡ್ಡ ಯಶಸ್ಸನ್ನು ಕಂಡಿತು.

ಮಾನಕಗಳ ಕಾರ್ಯ ಮತ್ತು ಸನ್ ಮೈಕ್ರೋಸಿಸ್ಟಮ್ಸ್

ವಿತರಣೆಗಳು ಹೆಚ್ಚಿದಂತೆ ಒಂದಕ್ಕಾಗಿ ಸಿದ್ಧಪಡಿಸಿದ ತಂತ್ರಾಂಶ ಇನ್ನೊಂದರಲ್ಲಿ ನಡೆಯದ ತೊಂದರೆಯೂ ಹೆಚ್ಚಿತು. ಕಡತಗಳು ಎಲ್ಲಿರಬೇಕು, ಯಾವ ಗ್ರಂಥಾಲಯಗಳು ಕಡ್ಡಾಯ ಎಂಬುದಕ್ಕೆ ಸಮಾನ ಕಟ್ಟಳೆಯನ್ನು ರೂಪಿಸಲು ಲಿನಕ್ಸ್ ಸ್ಟ್ಯಾಂಡರ್ಡ್ ಬೇಸ್ ಎಂಬ ಪ್ರಯತ್ನ ನಡೆಯುತ್ತಿತ್ತು. ಮರ್ಡಾಕ್ ಅವರು ಅದರ ಅಧ್ಯಕ್ಷರಾಗಿಯೂ, ಅದನ್ನು ನಡೆಸುತ್ತಿದ್ದ ಫ್ರೀ ಸ್ಟ್ಯಾಂಡರ್ಡ್ಸ್ ಗ್ರೂಪ್‌ನ ಮುಖ್ಯ ತಂತ್ರಜ್ಞಾನ ಅಧಿಕಾರಿಯಾಗಿಯೂ ಕಾರ್ಯನಿರ್ವಹಿಸಿದರು. ೨೦೦೭ರಲ್ಲಿ ಆ ಸಂಸ್ಥೆಯು ವಿಲೀನಗೊಂಡು ಲಿನಕ್ಸ್ ಫೌಂಡೇಶನ್ ರೂಪುಗೊಂಡಾಗ ಅದರಲ್ಲಿಯೂ ಅದೇ ಹುದ್ದೆಯಲ್ಲಿದ್ದರು.

ಅದೇ ವರ್ಷದ ಮಾರ್ಚ್‌ನಲ್ಲಿ ಅವರು ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯನ್ನು ಸೇರಿದರು. ಸನ್‌ನ ಸೋಲಾರಿಸ್ ಸಮರ್ಥ ವ್ಯವಸ್ಥೆಯಾಗಿದ್ದರೂ, ಲಿನಕ್ಸ್ ಬಳಕೆದಾರರಿಗೆ ಅಭ್ಯಾಸವಾಗಿದ್ದ ಸುಲಭ ಪ್ಯಾಕೇಜು ನಿರ್ವಹಣೆ ಅದರಲ್ಲಿರಲಿಲ್ಲ. ಈ ಅಂತರವನ್ನು ತುಂಬಲು ಪ್ರಾಜೆಕ್ಟ್ ಇಂಡಿಯಾನಾ ಎಂಬ ಕಾರ್ಯವನ್ನು ಮರ್ಡಾಕ್ ಅವರು ಮುನ್ನಡೆಸಿದರು. ೨೦೦೮ರ ಮೇ ತಿಂಗಳಿನಲ್ಲಿ ಅದು ಓಪನ್‌ಸೋಲಾರಿಸ್ ಎಂಬ ವಿತರಣೆಯಾಗಿ ಹೊರಬಂದಿತು. ಅದರೊಂದಿಗೆ ಬಂದ ಐಪಿಎಸ್ ಎಂಬ ಪ್ಯಾಕೇಜು ವ್ಯವಸ್ಥೆಯಲ್ಲಿಯೂ, ಬಳಕೆದಾರನು ತಿದ್ದಿದ ಕಡತವನ್ನು ನವೀಕರಣದ ವೇಳೆ ಕಾಪಾಡಬೇಕೆಂದು ಸೂಚಿಸುವ ಗುಣವಿಶೇಷವನ್ನು ಅಳವಡಿಸಲಾಗಿದೆ. ೨೦೧೦ರಲ್ಲಿ ಒರಾಕಲ್ ಕಂಪನಿಯು ಸನ್ ಅನ್ನು ಕೊಂಡ ನಂತರ ಮರ್ಡಾಕ್ ಅವರು ಅಲ್ಲಿಂದ ಹೊರಬಂದರು.

ಕೊನೆಯ ವರ್ಷಗಳು ಮತ್ತು ನಿಧನ

೨೦೧೧ರಲ್ಲಿ ಮರ್ಡಾಕ್ ಅವರು ಇಂಡಿಯಾನಾಪೊಲಿಸ್‌ನ ಎಗ್ಸಾಕ್ಟ್‌ಟಾರ್ಗೆಟ್ ಕಂಪನಿಯನ್ನು ಸೇರಿದರು. ೨೦೧೩ರಲ್ಲಿ ಅದನ್ನು ಸೇಲ್ಸ್‌ಫೋರ್ಸ್ ಕೊಂಡಿತು. ೨೦೧೫ರ ಕೊನೆಯಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೋದ ಡಾಕರ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದರು.

ಡಾಕರ್‌ನ ತಂತ್ರಜ್ಞಾನವು ನವೀಕರಣದ ಪ್ರಶ್ನೆಗೆ ಬೇರೊಂದು ಉತ್ತರವನ್ನು ಕೊಡುತ್ತದೆ. ಅದರಲ್ಲಿ ತಂತ್ರಾಂಶವನ್ನು ಇದ್ದಲ್ಲಿಯೇ ತಿದ್ದುವುದಿಲ್ಲ. ಹಳೆಯ ಪೆಟ್ಟಿಗೆಯನ್ನು ಇಡಿಯಾಗಿ ತೆಗೆದು ಹೊಸ ಪೆಟ್ಟಿಗೆಯನ್ನು ಇಡಲಾಗುತ್ತದೆ. ಸ್ಥಳೀಯ ಸಂರಚನೆಯನ್ನು ಆ ಪೆಟ್ಟಿಗೆಯ ಹೊರಗೆ ಇರಿಸಿ, ಆರಂಭಿಸುವಾಗ ಅದಕ್ಕೆ ಒದಗಿಸುವುದು ರೂಢಿ. ಇಂತಹ ಪೆಟ್ಟಿಗೆಗಳಲ್ಲಿ ಅನೇಕವು ಡೆಬಿಯನ್ ಅನ್ನೇ ಅಡಿಪಾಯವಾಗಿ ಹೊಂದಿವೆ.

೨೦೧೫ರ ಡಿಸೆಂಬರ್ ೨೮ರಂದು ಮರ್ಡಾಕ್ ಅವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಿಧನರಾದರು. ಆಗ ಅವರಿಗೆ ೪೨ ವರ್ಷ. ನಿಧನಕ್ಕೆ ಮುನ್ನ ಅವರು ಟ್ವಿಟರ್‌ನಲ್ಲಿ ತೀವ್ರ ಮಾನಸಿಕ ಕ್ಷೋಭೆಯನ್ನು ಸೂಚಿಸುವ ಬರಹಗಳನ್ನು ಪ್ರಕಟಿಸಿದ್ದರು. ಅವರದು ಆತ್ಮಹತ್ಯೆಯೆಂದು ನಗರದ ವೈದ್ಯಕೀಯ ಪರೀಕ್ಷಕರ ಕಛೇರಿಯು ೨೦೧೬ರಲ್ಲಿ ನಿರ್ಣಯಿಸಿತು. ೨೦೧೭ರ ಜೂನ್ ೧೭ರಂದು ಬಿಡುಗಡೆಯಾದ ಡೆಬಿಯನ್ ೯ ಆವೃತ್ತಿಯನ್ನು ಬಳಗವು ಅವರ ಸ್ಮರಣೆಗೆ ಅರ್ಪಿಸಿತು.

ಭಾರತದಲ್ಲಿ ಹಾಗೂ ಕನ್ನಡದಲ್ಲಿ

ಭಾರತ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯು ಅಭಿವೃದ್ಧಿಪಡಿಸಿದ ಬಾಸ್ ಲಿನಕ್ಸ್ ಡೆಬಿಯನ್ ಆಧಾರಿತವಾದುದು. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಅದರಲ್ಲಿ ಬೆಂಬಲವಿದೆ. ಕೇರಳದ ಶಾಲೆಗಳಿಗಾಗಿ ಸಿದ್ಧಪಡಿಸಿದ ಐಟಿ@ಸ್ಕೂಲ್ ವಿತರಣೆಯು ಮೊದಲು ಡೆಬಿಯನ್ ಆಧಾರದ ಮೇಲೆ, ನಂತರ ಉಬುಂಟು ಆಧಾರದ ಮೇಲೆ ರೂಪುಗೊಂಡಿತು. ಆದ್ದರಿಂದ ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಶಾಲೆಯಲ್ಲಿ ಕಲಿಯುವ ಗಣಕಯಂತ್ರಗಳಲ್ಲ್ಲಿಯೂ ಡಿಪಿಕೆಜಿಯೇ ಕೆಲಸ ಮಾಡುತ್ತದೆ.

ಡೆಬಿಯನ್‌ನ ಅನುಸ್ಥಾಪನೆಯನ್ನು ಕನ್ನಡದಲ್ಲಿಯೂ ನಡೆಸಬಹುದು. ಗುಬ್ಬಿ ಮತ್ತು ನವಿಲು ಅಕ್ಷರವಿನ್ಯಾಸಗಳು ಅದರ ಪ್ಯಾಕೇಜುಗಳಾಗಿ ದೊರೆಯುತ್ತವೆ. ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದ ಕಗಪ ಎಂದು ಕರೆಯಲಾಗುವ ಕೀಲಿಮಣೆ ವಿನ್ಯಾಸವೂ ಲಿನಕ್ಸ್ ವ್ಯವಸ್ಥೆಗಳಲ್ಲಿ ಲಭ್ಯವಿದೆ. ಡೆಬಿಯನ್‌ನ ವಾರ್ಷಿಕ ಅಂತರರಾಷ್ಟ್ರೀಯ ಸಮ್ಮೇಳನವಾದ ಡೆಬ್‌ಕಾನ್ಫ್ ೨೦೨೩ರ ಸೆಪ್ಟೆಂಬರ್‌ನಲ್ಲಿ ಕೇರಳದ ಕೊಚ್ಚಿಯಲ್ಲಿ ನಡೆಯಿತು.

ಪ್ರಭಾವ

ಮರ್ಡಾಕ್ ಅವರು ಡೆಬಿಯನ್ ಅನ್ನು ನೇರವಾಗಿ ಮುನ್ನಡೆಸಿದ್ದು ಮೂರು ವರ್ಷಕ್ಕಿಂತಲೂ ಕಡಿಮೆ ಅವಧಿ. ಸಂರಚನಾ ಕಡತಗಳ ಹೋಲಿಕೆಯೂ ಸೇರಿದಂತೆ ಅದರ ಪ್ರಮುಖ ತಾಂತ್ರಿಕ ಅಂಗಗಳನ್ನು ಪೂರ್ಣಗೊಳಿಸಿದವರು ಬೇರೆಯವರು. ಆದರೂ ತಂತ್ರಾಂಶವನ್ನು ಸಿದ್ಧಪಡಿಸುವವರ ಮತ್ತು ಅದನ್ನು ಬಳಸುವವರ ಹಕ್ಕುಗಳೆರಡಕ್ಕೂ ಸ್ಥಳವಿರುವ ವ್ಯವಸ್ಥೆಗೆ ಅವರ ಪ್ರಣಾಳಿಕೆಯೇ ಬುನಾದಿಯಾಯಿತು. ಇಂದು ಡೆಬಿಯನ್ ಮತ್ತು ಅದರಿಂದ ಹುಟ್ಟಿದ ವಿತರಣೆಗಳು ವಿಜ್ಞಾನ ಸಂಸ್ಥೆಗಳ ಸರ್ವರ್‌ಗಳಿಂದ ಹಿಡಿದು ರಾಸ್ಬೆರಿ ಪೈ ಎಂಬ ಅಂಗೈಯಗಲದ ಗಣಕಯಂತ್ರದವರೆಗೆ ಬಳಕೆಯಲ್ಲಿವೆ. ಅವುಗಳಲ್ಲೆಲ್ಲ ಸಂರಚನಾ ಕಡತದ ಪ್ರಶ್ನೆ ಬಂದಾಗ, ಉತ್ತರಿಸದೆ ಮುಂದುವರಿದವನ ಪ್ರತಿಯೂ ಮೊದಲಿನಂತೆಯೇ ಉಳಿಯುತ್ತದೆ.